ಖಾಲಿ ಗೂಡಿನ ಚೆಂಡು

“ಅಮ್ಮ, ನನಗೆ ಯಾವಾಗ ಅಪ್ಪಣೆ ಕೊಡುತ್ತೀರಿ?” ಎಂದು ರೇವಣಸಿದ್ದ ಕೇಳಿದ.

ಅವನು ದಾಕ್ಷಾಯಣಮ್ಮನವರ ಬಳಿ ನಾಡಿ ನೋಡುವುದನ್ನು ಕಲಿಯುತ್ತಿದ್ದ. ಬಂದು ಒಂಬತ್ತು ವರ್ಷವಾಗಿತ್ತು. ಆ ಮನೆಯಲ್ಲಿ ಕಲಿಸುವ ಕ್ರಮ ಹೀಗೆ: ರೋಗಿಯ ಕೈಯನ್ನು ಮೊದಲು ಗುರು ಹಿಡಿಯುತ್ತಾರೆ, ಏನೂ ಹೇಳುವುದಿಲ್ಲ. ಆಮೇಲೆ ಶಿಷ್ಯ ಹಿಡಿದು, ಕಂಡದ್ದನ್ನು ಹೇಳುತ್ತಾನೆ. ಕೊನೆಗೆ ಗುರು ಹೇಳುತ್ತಾರೆ.

ರೇವಣಸಿದ್ದ ತನ್ನ ಪುಸ್ತಕವನ್ನು ಅವರ ಮುಂದಿಟ್ಟ. ಎಡಗಡೆ ಅವನು ಹೇಳಿದ್ದು, ಬಲಗಡೆ ಅವರು ಹೇಳಿದ್ದು, ತಾರೀಖಿನ ಸಮೇತ.

“ಮೂರು ವರ್ಷದಲ್ಲಿ ಸಾವಿರದ ನೂರ ನಲವತ್ತು ಜನರನ್ನು ನೋಡಿದ್ದೇವೆ. ಒಬ್ಬರ ವಿಷಯದಲ್ಲೂ ನನ್ನ ಮಾತು ನಿಮ್ಮ ಮಾತಿಗೆ ಬೇರೆಯಾಗಿಲ್ಲ. ಪೇಟೆಯಲ್ಲಿ ಸೋದರಮಾವ ಒಂದು ಕೋಣೆ ಬಿಟ್ಟುಕೊಟ್ಟಿದ್ದಾರೆ. ಯುಗಾದಿಗೆ ಅಲ್ಲಿ ಕೂರಬೇಕೆಂದಿದ್ದೇನೆ. ಜನ ಈಗಲೇ ಕೇಳುತ್ತಿದ್ದಾರೆ. ನೀವೊಂದು ಮಾತು ಹೇಳಿದರೆ ಸಾಕು.”

ದಾಕ್ಷಾಯಣಮ್ಮನವರು ಪುಸ್ತಕವನ್ನು ತೆರೆಯಲಿಲ್ಲ.

“ಕೂತುಕೋ” ಎಂದರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ನಾಯಿಗಳ ಶಿಬಿರವಿತ್ತು. ಗೋಡೆ ಕುಸಿದಾಗ, ಗುಡ್ಡ ಜಾರಿದಾಗ, ಅವಶೇಷದ ಅಡಿಯಲ್ಲಿ ಸಿಕ್ಕಿಕೊಂಡವರನ್ನು ವಾಸನೆಯಿಂದ ಹುಡುಕುವ ನಾಯಿಗಳು ಅವು. ಅಲ್ಲಿ ಒಬ್ಬ ತರಬೇತುದಾರನಿದ್ದ. ಅವನ ನಾಯಿಯ ಹೆಸರು ಧೀರ.

ಶಿಬಿರದ ಹಿಂದೆ ಒಂದು ಅಂಗಳ. ಅಂಗಳದಲ್ಲಿ ಒಡೆದ ಗೋಡೆ, ಸಿಮೆಂಟ್ ಪೈಪು, ಹಳೆಯ ಬಾಗಿಲುಗಳನ್ನು ಗುಡ್ಡೆ ಹಾಕಿ ಇಪ್ಪತ್ತನಾಲ್ಕು ಗೂಡು ಮಾಡಿದ್ದರು. ತರಬೇತುದಾರ ವಾರಕ್ಕೆರಡು ದಿನ ಬೆಳಗ್ಗೆ ಯಾರಾದರೊಬ್ಬರನ್ನು ಒಂದು ಗೂಡಿನಲ್ಲಿ ತಾನೇ ಬಚ್ಚಿಟ್ಟು, ತಾನೇ ಮುಚ್ಚಳ ಮುಚ್ಚಿ, ಆಮೇಲೆ ಧೀರನನ್ನು ಬಿಡುತ್ತಿದ್ದ. ಧೀರ ಓಡಾಡಿ, ಸರಿಯಾದ ಗೂಡಿನ ಮುಂದೆ ಕೂತು ಬೊಗಳುತ್ತಿತ್ತು. ತರಬೇತುದಾರ ಜೇಬಿನಿಂದ ರಬ್ಬರ್ ಚೆಂಡು ತೆಗೆದು ಎಸೆಯುತ್ತಿದ್ದ. ಅದೇ ಅದರ ಕೂಲಿ.

ಅವನು ಶಿಸ್ತಿನ ಮನುಷ್ಯ. ಪ್ರತಿ ಹುಡುಕಾಟವನ್ನೂ ಬರೆದಿಡುತ್ತಿದ್ದ: ತಾರೀಖು, ಗೂಡಿನ ಸಂಖ್ಯೆ, ಸರಿಯೋ ತಪ್ಪೋ. ಆರು ವರ್ಷದಲ್ಲಿ ಆರುನೂರ ಹನ್ನೆರಡು ಹುಡುಕಾಟ. ಆರುನೂರ ಹನ್ನೆರಡೂ ಸರಿ. ಬೇರೆ ಜಿಲ್ಲೆಗಳಿಂದ ಜನ ಬಂದು ನೋಡಿ ಹೋಗುತ್ತಿದ್ದರು.

“ಅವನು ಮೋಸ ಮಾಡಲಿಲ್ಲ. ಇದನ್ನು ನೆನಪಿಟ್ಟುಕೋ” ಎಂದು ದಾಕ್ಷಾಯಣಮ್ಮನವರು ಕತೆಯ ನಡುವೆ ಹೇಳಿದರು. “ಬರೆದದ್ದೆಲ್ಲ ನಿಜ.”

ಅದೇ ಶಿಬಿರದಲ್ಲಿ ಒಬ್ಬ ಹೆಂಗಸೂ ತರಬೇತಿ ಕೊಡುತ್ತಿದ್ದಳು. ಅವಳ ನಾಯಿಗೆ ಕಾಗದದ ಮೇಲೆ ಬೇರೆ ಹೆಸರಿತ್ತು. ಆದರೆ ಕರೆದ ತಕ್ಷಣ ತಿರುಗಿ ನೋಡುವ ಅಭ್ಯಾಸ ಅದಕ್ಕಿರಲಿಲ್ಲವಾದ್ದರಿಂದ ಶಿಬಿರದವರೆಲ್ಲ ಮೊಂಡಿ ಎನ್ನುತ್ತಿದ್ದರು. ಕೊನೆಗೆ ಅವಳೂ ಹಾಗೆಯೇ ಕರೆಯತೊಡಗಿದಳು.

ಅವಳ ಕ್ರಮ ಬೇರೆ. ಅಡುಗೆಯವನಿಗೆ ಹೇಳಿ, ತಾನು ಅಂಗಳದ ಆಚೆ ಹೋಗಿ ನಿಲ್ಲುತ್ತಿದ್ದಳು. ಅವನು ಯಾರನ್ನೋ ಎಲ್ಲೋ ಬಚ್ಚಿಟ್ಟು ಶಿಳ್ಳೆ ಹಾಕುತ್ತಿದ್ದ. ಕೆಲವು ದಿನ ಯಾರನ್ನೂ ಬಚ್ಚಿಡದೆಯೇ ಶಿಳ್ಳೆ ಹಾಕುತ್ತಿದ್ದ. ಆಗ ಮೊಂಡಿ ಇಪ್ಪತ್ತನಾಲ್ಕು ಗೂಡನ್ನೂ ಮೂಸಿ, ಎಲ್ಲೂ ಕೂರದೆ, ಬಂದು ಅವಳ ಕಾಲ ಬಳಿ ಮಲಗಬೇಕು. ಹಾಗೆ ಮಲಗಿದರೆ ಅವಳು ಚೆಂಡು ಕೊಡುತ್ತಿದ್ದಳು.

ತರಬೇತುದಾರ ಇದನ್ನು ಒಂದು ದಿನ ನೋಡಿದ.

“ಏನಮ್ಮಾ, ಖಾಲಿ ಗೂಡಿಗೂ ಚೆಂಡಾ? ನಾಳೆ ನಿದ್ದೆ ಮಾಡಿದ್ದಕ್ಕೂ ಕೊಡ್ತೀಯಾ?”

“ಎಲ್ಲಾ ಕಡೆ ಹುಡುಕಿದ್ಮೇಲೆ ತಾನೇ ಸಾರ್, ಇಲ್ಲ ಅಂತ ಗೊತ್ತಾಗೋದು” ಎಂದಳು ಅವಳು.

“ಎಲ್ಲಿಟ್ಟಿದ್ದಾರೆ ಅಂತ ನಿನಗೇ ಗೊತ್ತಿಲ್ಲದಿದ್ದರೆ ನೀನೇನು ಕಲಿಸ್ತೀಯ?”

“ಗೊತ್ತಾದರೆ ನನ್ನ ಮುಖದಲ್ಲೇ ಕಂಡುಬಿಡುತ್ತೆ ಸಾರ್. ಮನೇಲಿ ನಮ್ಮತ್ತೆಯವರೂ ಹಾಗೇ ಹೇಳ್ತಾರೆ. ಈ ನಾಯಿ ಅತ್ತೆಗಿಂತ ಹೆಚ್ಚು ಹೊತ್ತು ನನ್ನ ಜೊತೇಲಿರುತ್ತೆ.”

ತರಬೇತುದಾರ ನಕ್ಕುಬಿಟ್ಟ. ಅವಳೂ ಬರೆದಿಡುತ್ತಿದ್ದಳು. ಎರಡು ವರ್ಷದಲ್ಲಿ ಇನ್ನೂರ ಮೂವತ್ತು ಹುಡುಕಾಟ, ಅದರಲ್ಲಿ ನಲವತ್ತೇಳು ತಪ್ಪು. ಶಿಬಿರದ ಅಧಿಕಾರಿ ಎರಡೂ ಪುಸ್ತಕಗಳನ್ನು ನೋಡಿ, ಎಲ್ಲಿಯೇ ಅವಘಡವಾದರೂ ಮೊದಲು ಧೀರ ಹೋಗಬೇಕು, ಮೊಂಡಿ ಬೇಕೆಂದು ಕರೆದರೆ ಮಾತ್ರ ಎಂದು ತೀರ್ಮಾನಿಸಿದ. ಆ ಪುಸ್ತಕಗಳನ್ನು ನೋಡಿದ ಯಾರೇ ಆದರೂ ಹಾಗೆಯೇ ತೀರ್ಮಾನಿಸುತ್ತಿದ್ದರು.

ಚಳಿಗಾಲದ ಒಂದು ಮಧ್ಯಾಹ್ನ ಹತ್ತಿರದ ಹೆಂಚಿನ ಕಾರ್ಖಾನೆಯ ಹೊಗೆಗೊಳವೆ ಉರುಳಿ ಬಿತ್ತು. ಊಟದ ಹೊತ್ತು. ಪೂರ್ವಕ್ಕೆ ಹೆಂಚು ಒಣಗಿಸುವ ಕೊಟ್ಟಿಗೆ, ಪಶ್ಚಿಮಕ್ಕೆ ಭಟ್ಟಿ; ಎರಡೂ ನೆಲಸಮವಾದವು. ಕೆಲಸಗಾರರೆಲ್ಲ ಹೊರಗೆ ಓಡಿ ಬಂದರು. ತಲೆ ಎಣಿಸಿದಾಗ ಒಬ್ಬಳು ಕಡಿಮೆ. ಮಣ್ಣು ಹೊರುವ ಹೆಂಗಸು. ಅವಳ ಅಕ್ಕ ಅದೇ ಕಾರ್ಖಾನೆಯಲ್ಲಿ ಹೆಂಚು ಜೋಡಿಸುವವಳು. ಅವಳು ಗೇಟಿನ ಬಳಿ ಊಟದ ಡಬ್ಬಿ ಹಿಡಿದುಕೊಂಡು ನಿಂತಿದ್ದಳು. ಕೂರು ಎಂದರೆ ಕೂರಲಿಲ್ಲ.

ತರಬೇತುದಾರ ಧೀರನೊಂದಿಗೆ ಬಂದ. ಮೇಸ್ತ್ರಿಯನ್ನು ಕೇಳಿದ.

“ಪೂರ್ವದ ಕೊಟ್ಟಿಗೇಲೇ ಸಾರ್” ಎಂದ ಮೇಸ್ತ್ರಿ. “ಏಳು ವರ್ಷದಿಂದ ನೋಡ್ತಿದೀನಿ. ಮೂಲೇ ಕಂಬಕ್ಕೆ ಒರಗಿಕೊಂಡೇ ಉಣ್ಣೋದು. ಬೇರೆ ಕಡೆ ಕೂತರೆ ಗಂಟಲಲ್ಲಿ ಇಳಿಯಲ್ಲ ಅಂತಿದ್ಲು.”

ತರಬೇತುದಾರ ಅದನ್ನು ಬರೆದುಕೊಂಡು ನಾಯಿಯನ್ನು ಬಿಟ್ಟ.

ಧೀರ ಮೊದಲು ಪಶ್ಚಿಮಕ್ಕೆ ಹೋಯಿತು. ಭಟ್ಟಿಯ ಗುಡ್ಡೆಯ ಮುಂದೆ ನಿಂತು ಮೂಗೆತ್ತಿತು. ಎರಡು ಹೆಜ್ಜೆ ಒಳಗೆ ಇಟ್ಟಿತು. ತರಬೇತುದಾರ ಅದನ್ನು ಗದರಿಸಲಿಲ್ಲ, ಕರೆಯಲಿಲ್ಲ. ನಿಂತಲ್ಲೇ ನಿಂತ, ಅಷ್ಟೆ. ನಾಯಿ ತಿರುಗಿ ಅವನ ಮುಖ ನೋಡಿತು. ಒಂದು ಕ್ಷಣ ನೋಡಿ, ಭಟ್ಟಿಯನ್ನು ಬಿಟ್ಟು ಬಂದಿತು. ಅವನು ಪೂರ್ವದ ಕಡೆ ನಡೆದ. ನಾಯಿ ಮುಂದೆ ಓಡಿತು. ಮೂಲೆಯ ಕಂಬವಿದ್ದ ಜಾಗಕ್ಕೆ ಬಂದಾಗ ಅವನ ಹೆಜ್ಜೆ ನಿಧಾನವಾಯಿತು. ಅಲ್ಲಿ ಧೀರ ಕೂತು ಬೊಗಳಿತು.

ಹದಿನಾರು ಜನ ಅಲ್ಲಿ ಕೆಲಸಕ್ಕೆ ಇಳಿದರು. ಕೆಳಗೆ ಜೀವವಿದ್ದರೆ ಗುದ್ದಲಿ ಹಾಕುವಂತಿಲ್ಲ. ಒಂದೊಂದು ಇಟ್ಟಿಗೆಯನ್ನೂ ಕೈಯಿಂದ ಕೈಗೆ ದಾಟಿಸಬೇಕು. ಎರಡು ಗಂಟೆ ದಾಟಿಸಿದರು. ಕಂಬ ಸಿಕ್ಕಿತು. ಕಂಬದ ಬುಡದಲ್ಲಿ ಯಾರೂ ಇರಲಿಲ್ಲ.

“ಇನ್ನೂ ಕೆಳಗಿರಬೇಕು” ಎಂದ ತರಬೇತುದಾರ. “ಧೀರ ಒಂದು ದಿನವೂ ತಪ್ಪಿಲ್ಲ.”

ಅಧಿಕಾರಿ ಮೊಂಡಿಯನ್ನು ಕರೆಸಿದ. ಹೆಂಗಸು ನಾಯಿಯೊಂದಿಗೆ ಜೀಪಿನಿಂದ ಇಳಿದಳು. ಮೇಸ್ತ್ರಿ ಓಡಿ ಬಂದು, “ಪೂರ್ವದ ಕಡೆ ಮೇಡಂ, ಮೂಲೇ...” ಎಂದು ಶುರುಮಾಡಿದ.

“ಹೇಳಬೇಡಿ ಅಣ್ಣ” ಎಂದಳು ಅವಳು. “ನನಗೆ ಗೊತ್ತಾಗಬಾರದು.”

ಆದರೆ ಹದಿನಾರು ಜನ ಪೂರ್ವದಲ್ಲಿ ಕೆಲಸ ಮಾಡುತ್ತಿದ್ದರು. ಅದು ಕಾಣದೆ ಇರುವಂತಿರಲಿಲ್ಲ. ಅವಳು ಒಂದು ಕ್ಷಣ ಯೋಚಿಸಿದಳು. ಮೊಂಡಿಯ ಕೊರಳ ಹಗ್ಗ ಬಿಚ್ಚಿದಳು. ಕುಸಿದ ಕಾರ್ಖಾನೆಗೆ ಬೆನ್ನು ಮಾಡಿ, ಕಾಂಪೌಂಡಿನ ಗೋಡೆಯ ಕಡೆ ತಿರುಗಿ ನಿಂತುಬಿಟ್ಟಳು.

ಗೇಟಿನ ಬಳಿ ನಿಂತವರು ಮುಖ ಮುಖ ನೋಡಿಕೊಂಡರು. “ಹುಡುಕೋಕೆ ಬಂದೋರು ಹೀಗಾ ನಿಲ್ಲೋದು?” ಎಂದು ಯಾರೋ ಅಂದರು. ಅವಳು ತಿರುಗಲಿಲ್ಲ.

ಮೊಂಡಿ ಪೂರ್ವಕ್ಕೆ ಹೋಯಿತು. ಕೆಲಸಗಾರರ ಕಾಲುಗಳ ನಡುವೆ ನುಸುಳಿ ಕಂಬದ ಸುತ್ತ ಮೂಸಿತು, ಅಗೆದ ಗುಂಡಿಗೆ ಇಳಿದು ಮೇಲೆ ಬಂತು. ಅಲ್ಲಿ ಕೂರಲಿಲ್ಲ. ಗುಡ್ಡೆಯ ಅಂಚು ಹಿಡಿದು ಪಶ್ಚಿಮಕ್ಕೆ ಹೋಯಿತು. ಭಟ್ಟಿಯ ಮುಂದೆ ಮೂಗೆತ್ತಿತು. ತಿರುಗಿ ನೋಡಿತು. ನೋಡಲು ಅವಳ ಬೆನ್ನು ಮಾತ್ರ ಇತ್ತು. ಮೊಂಡಿ ಇಟ್ಟಿಗೆಗಳ ಮೇಲೆ ಹತ್ತಿ, ಒಂದು ಸಂದಿಗೆ ಮೂತಿ ತೂರಿಸಿ, ಕೂತು, ಬೊಗಳತೊಡಗಿತು. ನಿಲ್ಲಿಸಲಿಲ್ಲ.

ಗೇಟಿನ ಬಳಿ ನಿಂತಿದ್ದ ಅಕ್ಕ ಡಬ್ಬಿಯ ಸಮೇತ ಓಡಿ ಬಂದು, ಬೆನ್ನು ಮಾಡಿ ನಿಂತಿದ್ದವಳ ತೋಳು ಹಿಡಿದಳು.

“ನಮ್ಮ ತಂಗಿ ಅಲ್ಲಿದ್ದಾಳಾ?”

“ನನಗೆ ಗೊತ್ತಿಲ್ಲಕ್ಕಾ. ಅದಕ್ಕೆ ಗೊತ್ತಿದೆ.”

ಅಧಿಕಾರಿಗೆ ಕಷ್ಟವಾಯಿತು. ಇದ್ದವರು ಹದಿನಾರೇ ಜನ. ಎರಡು ಕಡೆ ಹಂಚಿದರೆ ಎರಡು ಕಡೆಯೂ ತಡ. ಒಂದು ಕಡೆ ಆರುನೂರ ಹನ್ನೆರಡು ಸರಿ ಇದ್ದ ನಾಯಿ, ಇನ್ನೊಂದು ಕಡೆ ನಲವತ್ತೇಳು ತಪ್ಪು ಮಾಡಿದ ನಾಯಿ.

“ಸಾರ್, ಮೊಂಡಿ ಆ ಕಂಬದ ಹತ್ತಿರ ಹೋಗಿ, ಇಲ್ಲ ಅಂತ ಬಂದಿದೆಯಂತಲ್ಲ” ಎಂದಳು ಹೆಂಗಸು. “ಇಲ್ಲ ಅನ್ನೋದನ್ನೂ ಅದಕ್ಕೆ ಕಲಿಸಿದ್ದೀನಿ.”

ಅಧಿಕಾರಿ ತರಬೇತುದಾರನ ಕಡೆ ತಿರುಗಿದ. “ನಿಮ್ಮ ಧೀರ ಯಾವತ್ತಾದರೂ ಇಲ್ಲ ಅಂದಿದೆಯೇನ್ರೀ?”

ತರಬೇತುದಾರ ಆರುನೂರ ಹನ್ನೆರಡನ್ನೂ ಮನಸ್ಸಿನಲ್ಲೇ ತಿರುವಿ ನೋಡಿದ. “ಒಂದು ಸಲವೂ ಇಲ್ಲ ಸಾರ್” ಎಂದ.

ಅಧಿಕಾರಿ ಹದಿನಾರು ಜನರನ್ನೂ ಪಶ್ಚಿಮಕ್ಕೆ ಕಳಿಸಿದ.

ಒಂದೂವರೆ ಗಂಟೆಯ ನಂತರ ಭಟ್ಟಿಯ ಬಾಯಿಯ ಕಮಾನು ಕಾಣಿಸಿತು. ಕಮಾನು ಮುರಿದಿರಲಿಲ್ಲ. ಅದರಡಿಯಲ್ಲಿ ಮಣ್ಣು ಹೊರುವ ಹೆಂಗಸು ಮೊಣಕಾಲು ಮಡಚಿ ಕೂತಿದ್ದಳು. ಒಂದು ಕೈ ಮುರಿದಿತ್ತು. ಉಸಿರಿತ್ತು, ಮಾತಿತ್ತು. ಅಂದು ಚಳಿ ಹೆಚ್ಚು. ಆರಿದ ಭಟ್ಟಿಯ ಗೋಡೆ ಇನ್ನೂ ಬೆಚ್ಚಗಿದ್ದುದರಿಂದ, ಏಳು ವರ್ಷದಲ್ಲಿ ಮೊದಲ ಸಲ, ರೊಟ್ಟಿ ಬಿಸಿ ಮಾಡಿಕೊಳ್ಳಲು ಅಲ್ಲಿಗೆ ಹೋಗಿದ್ದಳು.

“ತಣ್ಣನೇ ರೊಟ್ಟಿ ತಿಂದಿದ್ದರೆ ಸಾಯ್ತಿದ್ಯಾ?” ಎಂದು ಅಕ್ಕ ಬೈದಳು. ಬೈಯುತ್ತಲೇ ಡಬ್ಬಿ ತೆರೆದಳು.

ಮಾರನೆಯ ದಿನ ತರಬೇತುದಾರ ಹೆಂಗಸಿನ ಬಳಿ ಹೋಗಿ ಅವಳ ಪುಸ್ತಕ ಕೇಳಿದ. ತನ್ನದರ ಪಕ್ಕದಲ್ಲಿಟ್ಟುಕೊಂಡು ಓದಿದ. ತಾರೀಖು, ಗೂಡಿನ ಸಂಖ್ಯೆ, ಸರಿಯೋ ತಪ್ಪೋ; ಅಷ್ಟೂ ಅವನದರಂತೆಯೇ ಇತ್ತು. ಆದರೆ ಅವಳದರಲ್ಲಿ ಒಂದು ಗೆರೆ ಹೆಚ್ಚು ಎಳೆದಿತ್ತು. ಆ ಗೆರೆಯ ಪಕ್ಕದ ಅಂಕಣದ ತಲೆಯಲ್ಲಿ ‘ಜಾಗ ಯಾರಿಗೆ ಗೊತ್ತಿತ್ತು’ ಎಂದು ಬರೆದಿತ್ತು. ಅದರ ಕೆಳಗೆ ಪುಟದಿಂದ ಪುಟಕ್ಕೆ ಒಂದೇ ಮಾತು: ‘ಅಡುಗೆಯವರಿಗೆ.’

ಅವನು ಅಡಿಕೋಲು ತಂದು ತನ್ನ ಪುಸ್ತಕದಲ್ಲೂ ಆ ಗೆರೆ ಎಳೆದ. ಮೊದಲ ಪುಟದಿಂದ ತುಂಬತೊಡಗಿದ. ನನಗೆ. ನನಗೆ. ನನಗೆ. ಮೂರನೆಯ ಪುಟದ ಅರ್ಧಕ್ಕೆ ಬಂದಾಗ ಪೆನ್ನು ಕೆಳಗಿಟ್ಟ.

ಅಡುಗೆಯವನನ್ನು ಕರೆದು, “ನನಗೆ ಗೊತ್ತಾಗದ ಹಾಗೆ ಇವತ್ತು ನೀನು ಬಚ್ಚಿಡು” ಎಂದ. ಹೆಂಗಸು ಅಡುಗೆಯವನ ಕಿವಿಯಲ್ಲಿ ಏನೋ ಹೇಳಿದಳು. ಸ್ವಲ್ಪ ಹೊತ್ತಿಗೆ ಅಡುಗೆಯವನು ಬಂದು, “ಮೂವರನ್ನ ಇಟ್ಟಿದ್ದೀನಿ ಸಾರ್” ಎಂದ. ತರಬೇತುದಾರ ಧೀರನೊಂದಿಗೆ ಅಂಗಳ ಸುತ್ತಿದ. ಇಲ್ಲಿರಬಹುದು ಎನ್ನಿಸಿದ ಕಡೆ ಅವನ ಹೆಜ್ಜೆ ತಡೆಯಿತು. ಧೀರ ಮೂರು ಗೂಡುಗಳ ಮುಂದೆ ಕೂತು ಬೊಗಳಿತು. ಅವನು ಮೂರು ಮುಚ್ಚಳವನ್ನೂ ಎತ್ತಿದ. ಮೂರೂ ಖಾಲಿ. ಅಂದು ಅಂಗಳದಲ್ಲಿ ಯಾರನ್ನೂ ಇಟ್ಟಿರಲಿಲ್ಲ.

ಧೀರ ಬಾಲ ಆಡಿಸುತ್ತ, ಅವನ ಮುಖ ನೋಡುತ್ತ, ಚೆಂಡಿಗಾಗಿ ಕಾಯುತ್ತಿತ್ತು.

“ಇದಕ್ಕೆ ಮೂಗಿಲ್ಲವೇನೋ” ಎಂದ ತರಬೇತುದಾರ.

“ಇಲ್ಲದೆ ಏನು ಸಾರ್. ನಿನ್ನೆ ಭಟ್ಟಿ ಮುಂದೆ ನಿಂತಿತ್ತಂತೆ, ಮೇಸ್ತ್ರಿ ಹೇಳಿದ್ರು. ಮೂಗು ಚೆನ್ನಾಗೇ ಇದೆ. ಅದಕ್ಕಿಂತ ಸುಲಭವಾದದ್ದು ಎದುರಿಗೇ ಇತ್ತು, ಅಷ್ಟೆ” ಎಂದಳು ಹೆಂಗಸು.

“ಈಗ ಏನು ಮಾಡಲಿ?”

“ಬೆನ್ನು ತಿರುಗಿಸಿ ನಿಲ್ಲಿ.”

ಅವನು ನಿಂತ. ಮೊದಲ ದಿನ ಧೀರ ಅಂಗಳಕ್ಕೆ ಹೋಗಲೇ ಇಲ್ಲ. ಸುತ್ತಿ ಬಂದು ಅವನ ಮುಂದೆ ನಿಂತು ಮುಖ ನೋಡಿತು. ಅವನು ಆ ಕಡೆ ತಿರುಗಿದ. ಅದೂ ಆ ಕಡೆ ಬಂತು. ಅವನು ಈ ಕಡೆ ತಿರುಗಿದ. ಅದೂ ಈ ಕಡೆ ಬಂತು. ಅಡುಗೆಮನೆಯ ಕಿಟಕಿಯಲ್ಲಿ ನಿಂತವರಿಗೆ ನಕ್ಕು ನಕ್ಕು ಸಾಕಾಯಿತು. ಅವನು ನಗಲಿಲ್ಲ, ಬಿಡಲೂ ಇಲ್ಲ.

ಹತ್ತೊಂಬತ್ತನೆಯ ದಿನ ಧೀರ ಅವನ ಬೆನ್ನ ಹಿಂದೆ ಬಹಳ ಹೊತ್ತು ನಿಂತಿತು. ಆಮೇಲೆ ತಾನೊಂದೇ ಹೋಯಿತು. ಅಂಗಳದಲ್ಲಿ ಅದರ ಉಗುರು ಇಟ್ಟಿಗೆಗೆ ತಾಗುವ ಸದ್ದು ಮಾತ್ರ ಕೇಳುತ್ತಿತ್ತು. ಎಲ್ಲೋ ದೂರದಲ್ಲಿ ಬೊಗಳಿತು. ಎಲ್ಲಿ ಎಂದು ಅವನಿಗೆ ಗೊತ್ತಿರಲಿಲ್ಲ. ಹೋಗಿ ಮುಚ್ಚಳ ಎತ್ತಿದಾಗ ಒಳಗೆ ಅಡುಗೆಯವನ ತಮ್ಮ ಕೂತು ಕಡಲೆಕಾಯಿ ತಿನ್ನುತ್ತಿದ್ದ.

ತರಬೇತುದಾರ ಹಳೆಯ ಪುಸ್ತಕವನ್ನು ಬೀರುವಿನಲ್ಲಿಟ್ಟು ಹೊಸದನ್ನು ಶುರುಮಾಡಿದ. ಅದರ ಮೊದಲ ಪುಟದಲ್ಲಿ ಹದಿನೆಂಟು ತಪ್ಪು, ಒಂದು ಸರಿ. ಶಿಬಿರಕ್ಕೆ ಬಂದವರಿಗೆ ಮುಂದೆ ಅವನು ತೋರಿಸುತ್ತಿದ್ದುದು ಆ ಪುಟವನ್ನೇ. ಅದರ ಮುಂದಿನ ಮಳೆಗಾಲದಲ್ಲಿ ಗುಡ್ಡ ಜಾರಿದಾಗ ಧೀರ ಇಬ್ಬರನ್ನು ಹುಡುಕಿ ತೆಗೆಯಿತು. ಮೂರನೆಯ ಕಡೆ ಹೋಗಿ, ಇಲ್ಲ ಎಂದು ಬಂತು. ಅಲ್ಲಿ ಯಾರೂ ಇರಲಿಲ್ಲ.

ದಾಕ್ಷಾಯಣಮ್ಮನವರು ಕತೆ ಮುಗಿಸಿದರು. ರೇವಣಸಿದ್ದನ ಪುಸ್ತಕ ಇನ್ನೂ ಇಬ್ಬರ ನಡುವೆ ಇಟ್ಟಲ್ಲೇ ಇತ್ತು.

“ಈಗ ನೀನು ಹೇಳು” ಎಂದರು. “ಮೊದಲ ಆರು ವರ್ಷ ತಪ್ಪು ಯಾರದು? ನಾಯಿಯದೋ, ತರಬೇತುದಾರನದೋ?”

“ತರಬೇತುದಾರನದು” ಎಂದ ರೇವಣಸಿದ್ದ. ಹೇಳಿ ಅವರ ಮುಖ ನೋಡಿದ. ಅವರ ಹುಬ್ಬು ತುಸು ಮೇಲೇರಿದಂತೆ ಕಂಡಿತು.

“ಅಲ್ಲ, ನಾಯಿಯದೂ ಇದೆ” ಎಂದ. ಮತ್ತೆ ನೋಡಿದ. “ಇಬ್ಬರದೂ, ಅಮ್ಮ.”

ದಾಕ್ಷಾಯಣಮ್ಮನವರು ಕೂತಲ್ಲೇ ಗೋಡೆಯ ಕಡೆ ತಿರುಗಿ, ಅವನಿಗೆ ಬೆನ್ನು ಮಾಡಿ ಕೂತರು.

“ಈಗ ಹೇಳು” ಎಂದರು.